ಬ್ರೇಕ್ ಮೇಲೆ ಎಡಗಾಲು

ಭಾಗ 1

ಹೋದ ವಾರ ಏರ್‌ಸ್ಟ್ರಿಪ್ ಫೋಟೋ ಹಾಕಿದ್ನಲ್ಲ, ಆವತ್ತಿಂದ ಡಿಎಂನಲ್ಲಿ ಒಂದೇ ಪ್ರಶ್ನೆ. "ಮಗಾ, ಆಟೋಮ್ಯಾಟಿಕ್ ಗಾಡಿ ಡ್ರ್ಯಾಗ್‌ಗೆ ಬರುತ್ತಾ? ಅದು ಅಂಕಲ್‌ಗಳ ಗಾಡಿ ಅಲ್ವಾ?"

ಬರುತ್ತೆ. ಹೇಗೆ ಅಂತ ಹೇಳ್ತೀನಿ. ಆದ್ರೆ ಅದರ ಜೊತೆ ಇನ್ನೊಂದು ವಿಷಯನೂ ಹೇಳ್ಬೇಕು. ಒಂದು ವರ್ಷದಿಂದ ಇಲ್ಲಿ ಹಾಕದೆ ಮುಚ್ಚಿಟ್ಟಿದ್ದೆ. ಕ್ಯಾಪ್ಶನ್‌ನಲ್ಲಿ ಜಾಗ ಸಾಲಲ್ಲ, ಅದಕ್ಕೇ ಐದು ಪೋಸ್ಟ್.

ಮೊದಲು ಗೊತ್ತಿಲ್ಲದವರಿಗೆ. ಡ್ರ್ಯಾಗ್ ಅಂದ್ರೆ ತಿರುವಿಲ್ಲದ ನೇರ ದಾರೀಲಿ ಕಾಲು ಮೈಲಿ, ಅಂದ್ರೆ ಸುಮಾರು 402 ಮೀಟರ್. ನಿಂತಲ್ಲಿಂದ ಶುರು. ಬೈಕ್‌ಗಳಿಗೆ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಅದರಲ್ಲಿ ಎಷ್ಟೋ ಸಲ ಚಾಂಪಿಯನ್. ಕಾರ್‌ಗಳಿಗೆ ದೊಡ್ಡ ಹೆಸರು ಅಂದ್ರೆ ಲೋನಾವಳ ಕಡೆ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ ಮೇಲೆ ನಡೆಯೋ 'ವ್ಯಾಲಿ ರನ್'. ನಾನು ಹೋಗಿದ್ದು ಅಷ್ಟು ದೊಡ್ಡದಕ್ಕಲ್ಲ. ಬೆಂಗಳೂರಿನ ಆಚೆ ಒಂದು ದಿನದ ಚಿಕ್ಕ ಮೀಟ್. ನಮ್ಮ ದೊಡ್ಡಪ್ಪನ ಮಗ ಅಲ್ಲೇ ಕೆಲಸದಲ್ಲಿದ್ದಾನೆ, ಅವನ ಫ್ರೆಂಡ್ ಗಾಡಿ ಓಡಿಸ್ತಿದ್ರು. ನನಗೆ ಕೊಟ್ಟ ಕೆಲಸ ಎರಡೇ: ಟೈರ್ ಗಾಳಿ ನೋಡೋದು, ಪ್ರತಿ ಓಟದ ಟೈಮ್ ನೋಟ್‌ಬುಕ್‌ನಲ್ಲಿ ಬರೆಯೋದು. "ಬಿಕಾಂ ಅಲ್ವಾ, ಲೆಕ್ಕ ಬರೀತೀಯ" ಅಂದ್ರು. ಬರೆದೆ.

ಭಾಗ 2

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಹಾಗಾದ್ರೆ ಬ್ರೇಕ್ ಹಿಡಿದು ನಿಂತಾಗ ಇಂಜಿನ್ ಯಾಕೆ ಆಫ್ ಆಗಲ್ಲ?

ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನ ಮಾತ್ರ ಆನ್ ಮಾಡಿ. ಅದರ ಗಾಳಿಗೆ ಎದುರಿಂದೂ ತಿರುಗುತ್ತೆ. ನೀವು ಎದುರಿನ ಫ್ಯಾನ್ ಕೈಯಲ್ಲಿ ಹಿಡಿದು ನಿಲ್ಲಿಸಿದ್ರೂ ಮೊದಲಿಂದು ತಿರುಗ್ತಾನೇ ಇರುತ್ತೆ. ಟಾರ್ಕ್ ಕನ್ವರ್ಟರ್ ಅಂದ್ರೆ ಇದೇ, ಗಾಳಿ ಬದಲು ಎಣ್ಣೆ. ಒಂದು ಫ್ಯಾನ್ ಇಂಜಿನ್‌ಗೆ, ಇನ್ನೊಂದು ಗೇರ್‌ಬಾಕ್ಸ್‌ಗೆ. ಮಧ್ಯದಲ್ಲಿ ಸ್ಟೇಟರ್ ಅಂತ ಮೂರನೇದೊಂದು ಇದೆ, ವಾಪಸ್ ಬರೋ ಎಣ್ಣೆಯನ್ನ ತಿರುಗಿಸಿ ಮತ್ತೆ ತಳ್ಳುತ್ತೆ. ಅದರಿಂದ ಗಾಡಿ ನಿಂತಲ್ಲಿಂದ ಹೊರಡೋ ಹೊತ್ತಲ್ಲಿ ಇಂಜಿನ್ ಬಲ ಹತ್ತತ್ರ ಎರಡು ಪಟ್ಟು ಆಗಿ ಚಕ್ರದ ಕಡೆ ಹೋಗುತ್ತೆ.

ಲಾಂಚ್ ಮಾಡೋದು ಹೀಗೆ: ಎಡಗಾಲಲ್ಲಿ ಬ್ರೇಕ್ ಗಟ್ಟಿ ಹಿಡಿ, ಬಲಗಾಲಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತು. ಆರ್‌ಪಿಎಂ ಏರುತ್ತೆ, ಒಂದು ಕಡೆ ಹೋಗಿ ನಿಲ್ಲುತ್ತೆ. ಟರ್ಬೊ ಗಾಡಿ ಆದ್ರೆ ಅಷ್ಟರಲ್ಲಿ ಬೂಸ್ಟ್ ತುಂಬಿಕೊಳ್ಳುತ್ತೆ. ಹಸಿರು ದೀಪಕ್ಕೆ ಬ್ರೇಕ್ ಬಿಡು. ಅಷ್ಟೇ.

ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ.

ಬ್ರೇಕ್ ಹಿಡಿದು ಆಕ್ಸಿಲರೇಟರ್ ಒತ್ತಿದಾಗ ಚಕ್ರ ತಿರುಗ್ತಿಲ್ಲ. ಆದ್ರೆ ಇಂಜಿನ್ ಶಕ್ತಿ ಕೊಡ್ತಿದೆ. ಅದು ಎಲ್ಲೋ ಹೋಗ್ಬೇಕಲ್ಲ? ಪೂರ್ತಿ ಎಣ್ಣೆಗೆ ಹೋಗುತ್ತೆ, ಬಿಸಿಯಾಗಿ. ಕೆಲವೇ ಸೆಕೆಂಡಲ್ಲಿ ಎಣ್ಣೆ ಕಾಯುತ್ತೆ. ಅದಕ್ಕೇ ಗೊತ್ತಿರೋರು ಮೂರು ಸೆಕೆಂಡ್ ಮೇಲೆ ಹಿಡಿಯಲ್ಲ.

ಎಲ್ಲಾ ಆಟೋಮ್ಯಾಟಿಕ್‌ಗೂ ಇದು ನಡೆಯಲ್ಲ ಅನ್ನೋದು ಗೊತ್ತಿರ್ಲಿ. 2014ರಲ್ಲಿ ಸೆಲೆರಿಯೊ ಜೊತೆ ಬಂದು ಈಗ ನಮ್ಮೂರಲ್ಲೂ ತುಂಬಿರೋ ಎಎಂಟಿ ಇದೆಯಲ್ಲ, ಅದರೊಳಗೆ ಇರೋದು ಮಾಮೂಲಿ ಕ್ಲಚ್ಚೇ, ಕಾಲಿನ ಬದಲು ಮೋಟರ್ ಒತ್ತುತ್ತೆ. ಅದರಲ್ಲಿ ಈ ಆಟ ಬೇಡ. ಸಿವಿಟಿಯಲ್ಲಿ ಬೆಲ್ಟ್ ಇದೆ, ಅದಕ್ಕೂ ಬೇಡ. ಡ್ಯುಯಲ್ ಕ್ಲಚ್ ಗಾಡಿಗಳಲ್ಲಿ ಕೆಲವಕ್ಕೆ ಲಾಂಚ್ ಕಂಟ್ರೋಲ್ ಅಂತಲೇ ಕಂಪನಿಯಿಂದ ಬರುತ್ತೆ, ಇಂಜಿನ್ ಎಷ್ಟು ಏರ್ಬೇಕು ಅಂತ ಕಂಪ್ಯೂಟರೇ ನೋಡಿಕೊಳ್ಳುತ್ತೆ. ಹೊಸ ಗಾಡಿಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದ್ರೆ ಇಂಜಿನ್ ಶಕ್ತಿ ಕಟ್ ಆಗೋದೂ ಇದೆ.

ಭಾಗ 3

ಈಗ ನೋಟ್‌ಬುಕ್. ಎರಡನೇ ಫೋಟೋ ಸ್ವೈಪ್ ಮಾಡಿ, ಅಕ್ಷರ ನೋಡಿ ನಗಬೇಡಿ, ಗಾಳಿ ಜೋರಿತ್ತು.

ಗಾಡಿ ಟರ್ಬೊ ಪೆಟ್ರೋಲ್ ಸೆಡಾನ್, 6 ಗೇರ್, ಟಾರ್ಕ್ ಕನ್ವರ್ಟರ್, ಮುಂದಿನ ಚಕ್ರಕ್ಕೆ ಶಕ್ತಿ. ಮೊದಲ ಓಟ ಏನೂ ಮಾಡದೆ: 'ಡಿ'ಗೆ ಹಾಕಿ, ಬ್ರೇಕ್ ಬಿಟ್ಟು, ಪೂರ್ತಿ ಒತ್ತಿದ್ದು. 402 ಮೀಟರ್‌ಗೆ 17.38 ಸೆಕೆಂಡ್. ಅದರಲ್ಲಿ ಮೊದಲ 60 ಅಡಿಗೇ 2.71. ಎರಡನೇ ಸಲ ಬ್ರೇಕ್ ಮೇಲೆ 1800 ಆರ್‌ಪಿಎಂ ಹಿಡಿದ್ರು, 60 ಅಡಿ 2.49, ಒಟ್ಟು 17.08. ನಮಗೆಲ್ಲ ಖುಷಿ. ಹಾಗಾದ್ರೆ ಇನ್ನೂ ಜಾಸ್ತಿ ಹಿಡಿದ್ರೆ ಇನ್ನೂ ಬೇಗ ಅಲ್ವಾ? ಮೂರನೇ ಸಲ 2500. ಚಕ್ರ ಕಿರುಚಿ ಹೊಗೆ ಬಂತು, ಪಕ್ಕದಲ್ಲಿದ್ದೋರೆಲ್ಲ ಶಿಳ್ಳೆ ಹೊಡೆದ್ರು, ರೀಲ್‌ಗೆ ಸೂಪರ್. ಟೈಮ್ 17.29.

ಯಾಕಂದ್ರೆ ಗಾಡಿ ಮುಂದಕ್ಕೆ ಹಾರಿದಾಗ ಭಾರ ಹಿಂದಕ್ಕೆ ಹೋಗುತ್ತೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಗೆ ಅದು ಒಳ್ಳೇದು. ಇದರಲ್ಲಿ ಎಳೆಯೋದು ಮುಂದಿನ ಚಕ್ರ, ಅದೇ ಹಗುರ ಆದ್ರೆ ರಸ್ತೆ ಹಿಡಿಯಲ್ಲ. ನಾಲ್ಕನೇ ಓಟಕ್ಕೆ ಮುಂದಿನ ಟೈರ್ ಗಾಳಿ 33ರಿಂದ 28ಕ್ಕೆ ಇಳಿಸಿದೆ. ಅವರು 2000ಕ್ಕೆ ಹಿಡಿದು, ಬ್ರೇಕ್ ಬಿಟ್ಟ ಮೇಲೂ ಒಂದೇ ಸಲ ತುಳಿಯದೆ, ಒಂದು ಸೆಕೆಂಡ್ ಟೈಮ್ ಕೊಟ್ಟು ಪೂರ್ತಿ ಒತ್ತಿದ್ರು. ಹೊಗೆನೂ ಇಲ್ಲ, ಸದ್ದೂ ಇಲ್ಲ. ಗಾಡಿ ನಿಧಾನಕ್ಕೆ ಹೋದ ಹಾಗೆ ಕಾಣ್ತು. 60 ಅಡಿ 2.41, ಒಟ್ಟು 16.97. ಶುರುವಲ್ಲಿ ಉಳಿದ 0.30 ಕೊನೆಗೆ 0.41 ಆಗಿತ್ತು. ಬಡ್ಡಿ ಸೇರಿದ ಹಾಗೆ.

ಇನ್ನೊಂದು ಮಜಾ. ಗಡಿಯಾರ ಶುರುವಾಗೋದು ಹಸಿರು ದೀಪಕ್ಕಲ್ಲ, ನಿಮ್ಮ ಮುಂದಿನ ಚಕ್ರ ಗೆರೆಯ ಬೆಳಕಿನ ಕಿರಣ ಬಿಟ್ಟು ಹೊರಟಾಗ. ಅಂದ್ರೆ ಹಸಿರು ಬಂದು ನೀವು ಕನಸು ಕಾಣ್ತಾ ನಿಂತಿದ್ರೂ ಟೈಮ್ ಚೆನ್ನಾಗೇ ಬರುತ್ತೆ, ರೇಸ್ ಮಾತ್ರ ಸೋಲ್ತೀರ. 16.97ರ ಗಾಡಿಯವನು ಹೊರಡೋಕೆ 0.9 ತಗೊಂಡ್ರೆ ಒಟ್ಟು 17.87. ಪಕ್ಕದವನದು 17.20 ಇದ್ರೂ 0.5ಕ್ಕೆ ಹೊರಟಿದ್ರೆ 17.70. ಅವನೇ ಗೆದ್ದ. ಅದಕ್ಕೆ ಪಳಗಿದವರು ಹಸಿರಿಗೆ ಕಾಯಲ್ಲ. ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದೊಂದು ಹತ್ತುತ್ವೆ, ಕೊನೇ ಹಳದಿ ಕಂಡ ತಕ್ಷಣ ಕಾಲು ಎತ್ತುತ್ತಾರೆ. ಕಣ್ಣು, ಕಾಲು, ಗಾಡಿ ಮೂರೂ ಏಳೋ ಹೊತ್ತಿಗೆ ಹಸಿರು ಬಂದಿರುತ್ತೆ. ಬೇಗ ಎತ್ತಿದ್ರೆ ಕೆಂಪು, ಔಟ್.

ಐದನೇ ಓಟ ಹೇಳ್ಬೇಕು. ನಾಲ್ಕರ ತನಕ ಪ್ರತಿ ಓಟ ಆದ್ಮೇಲೆ ಅವರು ಬಾನೆಟ್ ಎತ್ತಿ ಅರ್ಧ ಗಂಟೆ ಸುಮ್ನೆ ಕೂರ್ತಿದ್ರು. ನನಗೆ ತಾಳ್ಮೆ ಇಲ್ಲ, "ಅಣ್ಣ, ಲೈನ್ ಖಾಲಿ ಇದೆ, ಬನ್ನಿ" ಅಂತ ಕರೆದೆ. ಎಂಟೇ ನಿಮಿಷಕ್ಕೆ ಹೋದ್ರು. 17.15. ವಾಪಸ್ ಬಂದು ನನಗೆ ಬೈಯ್ಯಲಿಲ್ಲ. "ಗೇರ್‌ಬಾಕ್ಸ್ ಎಣ್ಣೆ ಆರ್ಲಿಲ್ಲ ಅಂದ್ರೆ ಮೊದಲು ಟೈಮ್ ಹೋಗುತ್ತೆ, ಆಮೇಲೆ ಗೇರ್‌ಬಾಕ್ಸೇ ಹೋಗುತ್ತೆ" ಅಂದ್ರು ಅಷ್ಟೇ.

ನನ್ನ ಕೈಲಿದ್ದ ಪೆನ್ ಅಲ್ಲೇ ನಿಂತೋಯ್ತು.

ಭಾಗ 4

ನಮ್ಮಪ್ಪನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಇದೆ. ಆಟೋಮ್ಯಾಟಿಕ್, 4 ಗೇರ್. ಕೊಳ್ಳೇಗಾಲದಲ್ಲಿ ನೋಡಿರ್ತೀರ, ಹಿಂದಿನ ಸೀಟ್ ತುಂಬ ಅಗರಬತ್ತಿ ಕರ್ಪೂರದ ಬಾಕ್ಸ್ ಇರೋ ಗಾಡಿ. ಅಪ್ಪ ಹನೂರು, ಕೌದಳ್ಳಿ, ಈ ಕಡೆ ಯಳಂದೂರು ಅಂಗಡಿಗಳಿಗೆ ಲೈನ್ ಹಾಕ್ತಾರೆ. ಮಾದಪ್ಪನ ಬೆಟ್ಟದ ಕಡೆಗೂ, ಬಿಳಿಗಿರಿರಂಗನ ಬೆಟ್ಟದ ಕಡೆಗೂ ಜನ ಹೋಗ್ತಾನೇ ಇರ್ತಾರಲ್ಲ, ವ್ಯಾಪಾರ ಇದೆ. ಆಟೋಮ್ಯಾಟಿಕ್ ತಗೊಂಡಿದ್ದು ಶೋಕಿಗಲ್ಲ. ಬೈಕ್ ಆಕ್ಸಿಡೆಂಟಲ್ಲಿ ಅಪ್ಪನ ಎಡಗಾಲಿಗೆ ರಾಡ್ ಹಾಕಿದ್ದಾರೆ. ಕ್ಲಚ್ ತುಳಿಯೋಕಾಗಲ್ಲ.

ಹೋದ ವರ್ಷ ದಸರಾ ರಜೆ. ನಾನೂ ಇಬ್ಬರು ಫ್ರೆಂಡ್ಸೂ. (ಇಬ್ರೂ ಇದನ್ನ ಓದ್ತಾ ಇದ್ದೀರ, ಹೆಸರು ಹಾಕಲ್ಲ ಬಿಡಿ.) ಮಧುವನಹಳ್ಳಿ ದಾಟಿ ಹನೂರು ರೋಡಿಂದ ಒಳಗೆ, ಮನೆ ಇನ್ನೂ ಏಳದ ಒಂದು ಲೇಔಟ್. ಯಾವುದೋ ರೀಲ್ ನೋಡಿದ್ವಿ. ಎಡಗಾಲು ಬ್ರೇಕ್, ಬಲಗಾಲು ಆಕ್ಸಿಲರೇಟರ್. ಆರ್‌ಪಿಎಂ 2200ಕ್ಕೆ ಹೋಗಿ ನಿಂತುಬಿಡ್ತು. ನಾವು 'ಇನ್ನೂ ಏರ್ಲಿ, ಇನ್ನೂ ಏರ್ಲಿ' ಅಂತ ಹತ್ತು ಹತ್ತು ಸೆಕೆಂಡ್ ಹಿಡಿದ್ವಿ. ಅದು ಅದಕ್ಕಿಂತ ಏರಲ್ಲ ಅಂತ ಯಾರಿಗೆ ಗೊತ್ತು. ಒಂಬತ್ತು ಸಲ ಮಾಡಿದ್ವಿ. ಒಂಬತ್ತನೇದಕ್ಕೆ ಸುಟ್ಟ ಎಣ್ಣೆ ವಾಸನೆ ಬಂತು. ಕಿಟಕಿ ಇಳಿಸಿಕೊಂಡು ಮನೆಗೆ ಬಂದೆ, ಗಾಡಿ ಒರೆಸಿ ನಿಲ್ಲಿಸಿದೆ.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಅಪ್ಪ ಹನೂರಿಂದ ಬರ್ತಾ ಎರಡನೇ ಗೇರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಸುಮ್ನೆ ಕೂಗೋಕೆ ಶುರುವಾಯ್ತಂತೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ಮೆಕ್ಯಾನಿಕ್ ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ್ರು. ಕೆಂಪಗಿರಬೇಕಾದ ಎಣ್ಣೆ ಕಾಫಿ ಬಣ್ಣ. "ಮೈಸೂರಿಗೇ ಹೋಗ್ಬೇಕು ಸಾರ್, ಒಳಗಿನ ಪ್ಲೇಟ್ ಸುಟ್ಟೋಗದೆ." ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡ್ಲಿಲ್ಲ. ಬಿಲ್ 38,500.

ಇಪ್ಪತ್ತೆರಡು ದಿನ ಗಾಡಿ ಇರ್ಲಿಲ್ಲ. ಒಂದಿನ ಕಾಲೇಜ್ ಮುಗಿಸಿ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ, ಯಳಂದೂರು ಬಸ್ಸಿಂದ ಅಪ್ಪ ಇಳಿದ್ರು. ಎರಡು ಕೈಯಲ್ಲೂ ಬಾಕ್ಸ್. ಮೆಟ್ಟಿಲಲ್ಲಿ ಎಡಗಾಲು ಮೊದಲು ಇಡೋಕಾಗದೆ, ಹಿಂದು ಮುಂದಾಗಿ ತಿರುಗಿ ಇಳೀತಿದ್ರು. ಕಂಡಕ್ಟರ್ "ಬೇಗ ಇಳಿ ಯಜಮಾನ್ರೇ" ಅಂತಿದ್ದ. ನಾನು ಓಡಿ ಹೋಗಿ ಬಾಕ್ಸ್ ತಗೊಂಡೆ. ಅಪ್ಪ ನಕ್ಕು, "ಹಳೇ ಗಾಡಿ ಕನ್ಲಾ, ಏನ್ ಮಾಡಕ್ಕಾಯ್ತದ" ಅಂದ್ರು.

ಆವತ್ತೂ ಹೇಳ್ಲಿಲ್ಲ.

ಭಾಗ 5

ಏರ್‌ಸ್ಟ್ರಿಪ್ ಮೀಟ್ ಮುಗಿಸಿ ಬಂದ ರಾತ್ರಿ ಹೇಳಿದೆ. ಊಟಕ್ಕೆ ಕೂತಿದ್ವಿ. ಮುದ್ದೆ ಮುರೀತಾ ಕೂತಿದ್ದೆ, ತಿಂತಿರ್ಲಿಲ್ಲ. ಅಮ್ಮ "ಏನ್ ಕುಸ, ಮೈ ಹುಷಾರಿಲ್ವಾ" ಅಂದ್ರು. ನೋಟ್‌ಬುಕ್ ತಂದು ಅಪ್ಪನ ಮುಂದೆ ಇಟ್ಟೆ. ಐದನೇ ಓಟದ ಟೈಮ್ ತೋರಿಸಿ, ಯಾಕೆ ಹಾಗಾಯ್ತು ಅಂತ ಹೇಳಿ, ಆಮೇಲೆ ಲೇಔಟ್ ವಿಷಯ ಹೇಳಿದೆ. ಒಂಬತ್ತು ಸಲ ಅನ್ನೋದನ್ನೂ ಹೇಳಿದೆ.

ಅಮ್ಮ ಬೈದ್ರು, ಅದನ್ನ ಇಲ್ಲಿ ಬರೆಯಕ್ಕಾಗಲ್ಲ. ಅಪ್ಪ ತುಂಬಾ ಹೊತ್ತು ನೋಟ್‌ಬುಕ್ ನೋಡ್ತಾನೇ ಇದ್ರು. ಆಮೇಲೆ ಕೇಳಿದ್ರು.

"ನಮ್ ಗಾಡೀಲಿ ಎಷ್ಟ್ ಸೆಕೆಂಡ್ ಬಂತ್ಲಾ?"

ನಾವು ಟೈಮೇ ನೋಡಿರ್ಲಿಲ್ಲ ಅಪ್ಪ, ಅಂದೆ.

"ಮತ್ತೆ ಏನಕ್ ಮಾಡುದ್ರಿ?" ಅಂತ ಅಂದು ಕೈ ತೊಳೆಯೋಕೆ ಎದ್ದು ಹೋದ್ರು. ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಒಂದು ವರ್ಷ ಮುಚ್ಚಿಟ್ಟಿದ್ದಕ್ಕೆ ಅಂತ ಅಮ್ಮನ ಹತ್ರ ಹೇಳಿದ್ರಂತೆ, ಗಾಡಿಗೆ ಅಲ್ವಂತೆ.

ಈಗ ಸಂಜೆ ಒಂದು ರೇಷ್ಮೆ ಸೀರೆ ಅಂಗಡೀಲಿ ಜಿಎಸ್‌ಟಿ ಬಿಲ್ ಎಂಟ್ರಿ ಮಾಡ್ತೀನಿ. ತಿಂಗಳಿಗೆ 3,500 ಅಪ್ಪನ ಕೈಗೆ. ಬೇಡ ಅನ್ನಲಿಲ್ಲ, ಎಣಿಸಿ ಜೇಬಿಗೆ ಹಾಕೊಂಡ್ರು. 38,500 ಅಂದ್ರೆ 11 ಕಂತು. ಎರಡು ಕಟ್ಟಿದ್ದೀನಿ. ಭಾನುವಾರ ಹನೂರು ಲೈನ್‌ಗೆ ಜೊತೆ ಹೋಗ್ತೀನಿ, ಬಾಕ್ಸ್ ಇಳಿಸೋದು ನಾನು, ಓಡಿಸೋದು ಅವರೇ. ಕೀ ಇನ್ನೂ ಕೊಟ್ಟಿಲ್ಲ.

ಮುಂದಿನ ಮೀಟ್‌ಗೆ ಅಣ್ಣ ಮತ್ತೆ ಕರೆದಿದ್ದಾನೆ, ಟೈಮ್ ಬರೆಯೋಕೆ. ಅಪ್ಪನ್ನ ಕೇಳಿದೆ. "ನಾನೂ ಬತ್ತೀನಿ, ನೋಡವ" ಅಂದವ್ರೆ. ಸಿವಿಟಿ ಬಗ್ಗೆ ಕೇಳಿದ್ದ ಯಳಂದೂರಿನ ಜೂನಿಯರ್, ನಿನ್ನ ಪ್ರಶ್ನೆಗೆ ಅದಾದ್ಮೇಲೆ ಉತ್ತರ.