ಮೂರು ಡಬ್ಬಿ ಬಕಲ್ಲು

ನಮ್ಮ ಕಡೆ ಬಟ್ಟೆ ನಿಲ್ಲೋದು ಗಂಟಿನ ಮೇಲೆ. ಪಂಚೆ ಸುತ್ತಿ ಸಿಕ್ಕಿಸಿದರೆ ಆಯ್ತು, ಲಂಗಕ್ಕೆ ಲಾಡಿ, ಸೊಂಟಕ್ಕೆ ಉಡಿದಾರ... ಇವೆಲ್ಲ ಮಣ್ಣಿಗೆ ಬಿದ್ದರೆ ಕರಗಿ ಹೋಗುತ್ತವೆ. ಇಂಗ್ಲೆಂಡಿನವರದ್ದು ಹಾಗಲ್ಲ ನೋಡಿ. ಬೆಲ್ಟಿಗೆ, ಶೂಗೆ, ಮಂಡಿಯ ಹತ್ತಿರ ಚಡ್ಡಿ ಬಿಗಿಯೋದಕ್ಕೆ, ಎಲ್ಲದಕ್ಕೂ ಲೋಹದ ಬಕಲ್ಲು! ಹಾಗಾಗಿ ಇಲ್ಲಿ ಹೊಲ ಉತ್ತರೆ ಏಳುನೂರು ವರ್ಷ ಹಳೆಯ ಬಕಲ್ಲೂ ಮೇಲೆ ಬರುತ್ತೆ.

ನನಗೆ ಇದರ ಹುಚ್ಚು ಹಿಡಿಸಿದ್ದು ಸಫೋಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜ. ಭಾನುವಾರ ಬಂತೆಂದರೆ ಮೆಟಲ್ ಡಿಟೆಕ್ಟರ್ ಹೆಗಲಿಗೇರಿಸಿ ಹೊರಡುತ್ತಿದ್ದರು. ಹೊಲದ ಯಜಮಾನ ಒಪ್ಪದೆ ಕಾಲಿಡುವ ಹಾಗಿಲ್ಲ, ರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿ ಇಲ್ಲದೆ ಮೆಷಿನ್ ಆಡಿಸಿದರೆ ಅಪರಾಧ. ಇಷ್ಟೆಲ್ಲ ಬಕಲ್ಲು ಹೊಲಕ್ಕೆ ಹೇಗೆ ಬಂತು ಅಂತ ಒಮ್ಮೆ ಕೇಳಿದೆ. "ಗೊಬ್ಬರದ ಜೊತೆ" ಅಂದರು. ಮನೆಯ ಕಸ, ಕೊಟ್ಟಿಗೆಯ ಸಗಣಿ ಎಲ್ಲ ಗಾಡಿಯಲ್ಲಿ ಹೊಲ ಸೇರುವಾಗ ಮುರಿದ ಬಕಲ್ಲೂ ಸೇರುತ್ತಿತ್ತಂತೆ. ನಮ್ಮೂರ ತಿಪ್ಪೆಯ ಕಥೆಯೇ ಅಲ್ವಾ!

ಉತ್ತ ಮಣ್ಣಿನಲ್ಲಿ ಪದರಗಳೆಲ್ಲ ಕಲಸಿ ಹೋಗಿರುತ್ತವೆ. ಹಾಗಾಗಿ ಎಷ್ಟು ಆಳದಲ್ಲಿ ಸಿಕ್ಕಿತು ಅನ್ನೋದರಿಂದ ಕಾಲ ಗೊತ್ತಾಗಲ್ಲ, ಆಕಾರದಿಂದಲೇ ಹೇಳಬೇಕು. ಹೊಸಬರು ಮೊದಲು ನೋಡೋದು ಹೂವು ಬಳ್ಳಿಯ ಅಲಂಕಾರ. ಅಜ್ಜ ನೋಡುತ್ತಿದ್ದದ್ದು ಮುಳ್ಳು ಕೂರುವ ಜಾಗ. ಮುಳ್ಳು ಕಬ್ಬಿಣದ್ದಾದರೆ ತುಕ್ಕು ಹಿಡಿದು ಹೋಗಿರುತ್ತೆ, ಆದರೆ ಕೂತಿದ್ದ ಗುರುತು ಉಳಿದಿರುತ್ತೆ.

ಇಂಗ್ಲಿಷಿನ ಡಿ ಅಕ್ಷರದಂಥ ಒಂದೇ ಕುಣಿಕೆ, ಹೊರ ಅಂಚು ದಪ್ಪ, ಮುಳ್ಳಿನ ತುದಿಗೆ ಒಂದು ಕಚ್ಚು ಇದ್ದರೆ ಸಾಮಾನ್ಯವಾಗಿ 1250ರಿಂದ 1400ರ ಒಳಗಿನದು. ಕನ್ನಡಕದ ಹಾಗೆ ಎರಡು ಕುಣಿಕೆ, ನಡುವಿನ ಕಂಬಿಗೆ ಮುಳ್ಳು ಇದ್ದರೆ ಹೆಚ್ಚಾಗಿ ಅದರ ನಂತರದ್ದು, 17ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಶೂ ಬಕಲ್ಲು ಫ್ಯಾಶನ್ ಆದದ್ದು ಆಮೇಲೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತಾನು ಶೂಗೆ ಬಕಲ್ಲು ಹಾಕಲು ಶುರು ಮಾಡಿದ್ದನ್ನು 1660ರ ಜನವರಿಯಲ್ಲಿ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ! ಚೌಕಟ್ಟಿನ ಎರಡೂ ಬದಿಗೆ ತೂತು ಕೊರೆದು ಬೇರೆ ಕಂಬಿ ತೂರಿಸಿದ್ದರೆ ಸುಮಾರು 1720ರ ಈಚಿನದು. ಶೂ ಬಕಲ್ಲನ್ನು ಮೇಜಿನ ಮೇಲಿಟ್ಟರೆ ಸಪಾಟಾಗಿ ಕೂರಲ್ಲ, ಪಾದದ ಮೇಲ್ಭಾಗಕ್ಕೆ ಹೊಂದುವಂತೆ ಬಾಗಿರುತ್ತೆ. 1770-80ರ ದಶಕದಲ್ಲಿ ಇವು ಅಂಗೈ ಅಗಲಕ್ಕೆ ಬೆಳೆದವು. ಆಮೇಲೆ ಲೇಸು ಬಂತು ನೋಡಿ, ಬಕಲ್ಲಿನ ಕಥೆ ಮುಗೀತು. ಬರ್ಮಿಂಗ್‌ಹ್ಯಾಮ್ ಸುತ್ತಿನ ಬಕಲ್ಲು ತಯಾರಕರು ಹೊಟ್ಟೆಪಾಡು ಹೋಯ್ತು ಅಂತ 1791ರಲ್ಲಿ ಯುವರಾಜನಿಗೇ ಮನವಿ ಕೊಟ್ಟರು. ಫ್ಯಾಶನ್ ಕೇಳಬೇಕಲ್ಲ!

ಇದರಿಂದೆಲ್ಲ ಸಿಗೋದು ಒಂದು ಅಂದಾಜು ಮಾತ್ರ. ಗಟ್ಟಿ ಬಕಲ್ಲು ಬೆಲ್ಟು ಹರಿದ ಮೇಲೆ ಕುದುರೆಯ ಪಟ್ಟಿಗೆ ಹೋಗಿ ಇನ್ನೂ ಐವತ್ತು ವರ್ಷ ದುಡಿದಿರಬಹುದು.

ಹೋದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ತಿಂಗಳಾದ ಮೇಲೆ ಅಜ್ಜಿ ಮೂರು ಬಿಸ್ಕತ್ ಡಬ್ಬಿ ತಂದು ನನ್ನ ಮುಂದಿಟ್ಟು, "ಇದರಲ್ಲಿ ಏನಿದೆ ನೋಡಿ ಹೇಳು, ಬಿಸಾಡಲು ಮನಸ್ಸಿಲ್ಲ" ಅಂದರು. ಒಂದು ಡಬ್ಬಿಯಲ್ಲಿ ಪ್ರತಿ ಬಕಲ್ಲಿಗೂ ಪುಟ್ಟ ಕವರು, ಅದರ ಮೇಲೆ ಹೊಲದ ಹೆಸರು, ತಾರೀಕು, ನಕ್ಷೆಯ ನಂಬರು. ಉಳಿದ ಎರಡರಲ್ಲಿ ಅವರ ಹರೆಯದ ದಿನಗಳ ಬೇಟೆ. ಚೀಟಿಯೇ ಇಲ್ಲ.

ಇಂಥ ವಸ್ತುಗಳನ್ನು ದಾಖಲಿಸಲು ಇಲ್ಲಿ 1997ರಿಂದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ. ಅದರ ಅಧಿಕಾರಿಯ ಹತ್ತಿರ ಮೂರೂ ಡಬ್ಬಿ ಒಯ್ದೆ. ಚೀಟಿ ಇದ್ದ ಡಬ್ಬಿಯಿಂದ ಅರ್ಧ ಮುರಿದ, ಯಾರೂ ಎತ್ತಿಕೊಳ್ಳದಂಥ ಎರಡು ಕುಣಿಕೆಯ ಬಕಲ್ಲನ್ನು ಆಕೆ ಸಂತೋಷದಿಂದ ಬರೆದುಕೊಂಡರು. ಆ ಹೊಲದ ಸುತ್ತ ಆ ಕಾಲದ ಜನರ ಓಡಾಟಕ್ಕೆ ಅದೊಂದು ಸಾಕ್ಷಿಯಂತೆ. ಚೀಟಿ ಇಲ್ಲದ ಡಬ್ಬಿಯಲ್ಲಿ ಎಲ್ಲಕ್ಕಿಂತ ಚೆಂದದ, ಇಡೀ ಉಳಿದ 13-14ನೇ ಶತಮಾನದ ಬಕಲ್ಲಿತ್ತು. ಕೈಯಲ್ಲಿ ತಿರುಗಿಸಿ ನೋಡಿ, "ಎಲ್ಲಿ ಸಿಕ್ಕಿತು?" ಅಂದರು. ನಾನು ಏನು ಹೇಳಲಿ?

ಇದೇ ಸಫೋಕ್‌ನ ಸಟನ್ ಹೂನಲ್ಲಿ 1939ರಲ್ಲಿ ನಾನೂರು ಗ್ರಾಂಗೂ ಹೆಚ್ಚು ತೂಕದ ಚಿನ್ನದ ಬಕಲ್ಲು ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಇಷ್ಟೆಲ್ಲ ಹೇಳೋದು ಬರೀ ಚಿನ್ನ ಅಂತಲ್ಲ, ಯಾವ ದಿಬ್ಬದ ಕೆಳಗೆ, ಯಾವ ಹಡಗಿನೊಳಗೆ, ಯಾವುದರ ಪಕ್ಕ ಇತ್ತು ಅಂತ ಬರೆದಿಟ್ಟಿದ್ದರಿಂದ.

ಅಜ್ಜಿಗೆ ಒಂದೊಂದರ ಕಾಲವನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಮದುವೆಗೆ ಮುಂಚೆ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದ ಒಂದು ಹೊಲ ಇತ್ತು, ಅಲ್ಲಿಯದು ಇದರಲ್ಲಿ ಯಾವುದು?" ಅಂದರು. ಅದನ್ನು ಹೇಳೋದಕ್ಕೆ ಯಾವ ಪುಸ್ತಕದಿಂದಲೂ ಆಗಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಅಜ್ಜಿಯ ಡಾಬೋ, ತಾತನ ಬೆಲ್ಟೋ ಇದ್ದೀತು. ಯಾರದು, ಎಲ್ಲಿಯದು ಅಂತ ಗೊತ್ತಿರುವವರು ಇರುವಾಗಲೇ ಒಂದು ಚೀಟಿ ಬರೆದು ಜೊತೆಗಿಡಿ.