ನಾನು ಮಾಡಿದ ಉಗಿ ಚಕ್ರ

ನಮ್ಮ ಚಿಕ್ಕಪ್ಪನದು ನಗರಗೆರೆಯಲ್ಲಿ ಸೈಕಲ್ ಶಾಪ್. ಅಲ್ಲಿ ಇರೋದು ಒಂದು ವೈಸ್, ಕೈಯಲ್ಲಿ ತಿರುಗಿಸೋ ಡ್ರಿಲ್, ಎರಡು ಅರ, ಇಕ್ಕಳ ಮತ್ತು ತಗಡಿನ ಕತ್ತರಿ. ಇಷ್ಟರಲ್ಲೇ ಒಂದು ಎಂಜಿನ್ ಮಾಡಬೇಕೆಂದು ನನಗೆ ಬಹಳ ಆಸೆ.

ಪಿಸ್ಟನ್ ಇರುವ ಎಂಜಿನ್ ಆಗಲಿಲ್ಲ. ಪಿಸ್ಟನ್ ಕೊಳವೆಯೊಳಗೆ ಬಿಗಿಯಾಗಿಯೂ ಇರಬೇಕು, ಸಲೀಸಾಗಿ ಓಡಲೂ ಬೇಕು. "ಅದಕ್ಕೆ ಲೇತ್ ಮೆಷಿನ್ ಬೇಕು ಕಣೋ" ಎಂದು ಚಿಕ್ಕಪ್ಪ ಅಂದರು. ಆದ್ದರಿಂದ ಉಗಿಯಿಂದ ತಿರುಗುವ ಚಕ್ರ ಮಾಡಿದೆ. ಇದಕ್ಕೆ ಟರ್ಬೈನ್ ಎನ್ನುತ್ತಾರೆ. 1884ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಇದರಿಂದ ಡೈನಮೋ ತಿರುಗಿಸಿ ವಿದ್ಯುತ್ ತಯಾರಿಸಿದರು. ನಮ್ಮ ರಾಯಚೂರಿನ ಹತ್ತಿರ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಆ ಉಗಿಯಿಂದಲೇ ಕರೆಂಟ್ ಮಾಡುತ್ತಿದ್ದಾರೆ.

ಎಣ್ಣೆ ಡಬ್ಬದ ತಗಡಿನ ಮೇಲೆ ಕೈವಾರದಿಂದ 4 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದೆ. 8 ಭಾಗ ಮಾಡಿ, ಕತ್ತರಿಸಿ, ಫ್ಯಾನಿನ ರೆಕ್ಕೆಯಂತೆ ಓರೆಯಾಗಿ ತಿರುಚಿದೆ. ಕೈವಾರದ ಮುಳ್ಳು ಕೂತಿದ್ದ ಗುರುತಿನಲ್ಲೇ ತೂತು ಹಾಕಿ ಸೈಕಲ್ ಕಡ್ಡಿ ತೂರಿಸಿ ಎಂಸೀಲ್ ಹಚ್ಚಿದೆ. ಆದರೂ ಚಕ್ರದ ಒಂದೇ ಪಕ್ಕ ಯಾವಾಗಲೂ ಕೆಳಗೆ ಬರುತ್ತಿತ್ತು. "ಆ ಪಕ್ಕ ಭಾರ ಇದೆ, ಸ್ವಲ್ಪ ಸ್ವಲ್ಪ ಅರ ಹಾಕು" ಅಂದರು ಚಿಕ್ಕಪ್ಪ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ ಉಜ್ಜಿದೆ. ಎರಡು ದಿನ ಹಿಡಿಯಿತು.

ಬಾಯ್ಲರ್ ಎಂದರೆ ಅದುಮಿ ಮುಚ್ಚುವ ಮುಚ್ಚಳದ ಒಂದು ಸಣ್ಣ ಡಬ್ಬ. ಮೇಲ್ಭಾಗದ ಪಕ್ಕದಲ್ಲಿ ಮೊಳೆಯಿಂದ ಸಣ್ಣ ತೂತು ಮಾಡಿದೆ. ಉಗಿ ಮುಚ್ಚಳದ ಸಂದಿಯಲ್ಲಿ ಸೋರಿತು, ಚಕ್ರ ತಿರುಗಲಿಲ್ಲ. ಯಾರಿಗೂ ಹೇಳದೆ ಮುಚ್ಚಳವನ್ನು ತಂತಿಯಿಂದ ಬಿಗಿದು ಕಟ್ಟಿ ಒಲೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ತಂತಿ ಬಿಚ್ಚಿಕೊಂಡು ಮುಚ್ಚಳ ಢಬ್ ಅಂತ ಹಾರಿತು. ಬಿಸಿನೀರು ನನ್ನ ತಂಗಿಯ ಕೈಮೇಲೆ ಬಿತ್ತು. ಅಜ್ಜಿ ಓಡಿ ಬಂದು ತಣ್ಣೀರು ಸುರಿದರು. "ಮಗೂನ ಸುಟ್ಟಲ್ಲೋ!" ಎಂದು ಬೈದರು. ಅಪ್ಪ ಡಬ್ಬವನ್ನು ತಿಪ್ಪೆಗೆ ಎಸೆದರು. "ಡಬ್ಬಾನೇ ಸರಿಯಿರಲಿಲ್ಲ" ಎಂದು ನಾನು ಸುಳ್ಳು ಹೇಳಿದೆ. ತಂತಿಯ ವಿಷಯ ತಂಗಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ರಾತ್ರಿ ಅವಳು ಉರಿ ಉರಿ ಅಂತ ಅಳುತ್ತಿದ್ದಳು. ನನಗೂ ನಿದ್ದೆ ಬರಲಿಲ್ಲ.

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. 1 ಲೀಟರ್ ನೀರು ಪೂರ್ತಿ ಉಗಿಯಾದರೆ ಅದಕ್ಕೆ 1,600 ಲೀಟರಿಗಿಂತ ಹೆಚ್ಚು ಜಾಗ ಬೇಕಂತೆ. "ನೀನು ದಾರಿ ಕೊಡದಿದ್ದರೆ ಅದೇ ದಾರಿ ಮಾಡಿಕೊಳ್ಳುತ್ತೆ. ಕುಕ್ಕರಿಗೆ ವಿಷಲ್ ಅಲ್ಲದೆ ಸೇಫ್ಟಿ ವಾಲ್ವ್ ಯಾಕೆ ಇದೆ ಯೋಚಿಸು" ಎಂದರು.

ಅಂದು ಸಂಜೆ ಅಪ್ಪನಿಗೆ ನಿಜ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನಿದ್ದರು. ತಂಗಿಯ ಗಾಯ ವಾಸಿಯಾದ ಮೇಲೆ, "ಚಿಕ್ಕಪ್ಪ ಪಕ್ಕದಲ್ಲಿದ್ದರೆ ಮಾತ್ರ ಮಾಡು" ಅಂದರು.

ಹೊಸ ಡಬ್ಬಕ್ಕೆ ಅರ್ಧ ಮಾತ್ರ ನೀರು ಹಾಕಿ, ತೂತು ಸ್ವಲ್ಪ ದೊಡ್ಡದು ಮಾಡಿ, ಮುಚ್ಚಳ ಮೆಲ್ಲಗೆ ಅದುಮಿದೆವು. ತಂಗಿ ಬಾಗಿಲ ಹಿಂದೆ ನಿಂತು, "ಅಣ್ಣ, ತಂತಿ ಕಟ್ಟಿದ್ದೀಯಾ?" ಎಂದಳು. "ಇಲ್ಲ ಕಣೇ" ಅಂದೆ. ನೀರು ಕುದಿಯಿತು. ಚಕ್ರ ಮೊದಲು ನಿಧಾನವಾಗಿ, ಆಮೇಲೆ ರೆಕ್ಕೆಗಳೇ ಕಾಣದಷ್ಟು ಜೋರಾಗಿ ತಿರುಗಿತು. ತಂಗಿ ದೂರದಿಂದಲೇ ಚಪ್ಪಾಳೆ ತಟ್ಟಿದಳು. ಅವಳ ಕೈಮೇಲೆ ಕಲೆ ಇನ್ನೂ ಇದೆ.

ಗೆಳೆಯರೇ, ನೀವೂ ಮಾಡಿ. ಆದರೆ ದೊಡ್ಡವರು ಪಕ್ಕದಲ್ಲಿರಲಿ, ಮುಚ್ಚಳ ಮಾತ್ರ ಎಂದಿಗೂ ಕಟ್ಟಬೇಡಿ.