ನಮ್ಮ ಮನೆಯ ಗೇರು

ಗೇರು ಎಂದೊಡನೆ ಕರಾವಳಿಯ ವಾಚಕರಿಗೆ ಹಣ್ಣೂ ಬೀಜವೂ ನೆನಪಾಗುವುದು ಸಹಜವೇ. ನಾವು ಹೇಳಹೊರಟಿರುವುದು ಆ ಗೇರಿನ ವಿಷಯವಲ್ಲ. ಮೋಟಾರು ಗಾಡಿಯಲ್ಲಿ ಚಾಲಕನ ಎಡಗೈಯ ಬಳಿ ನಿಂತಿರುವ ರಾಡಿನ ವಿಷಯ. ಅದೂ ನಿಜವಾದ ಗಾಡಿಯದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಓಡುವ ಪಂದ್ಯದ ಕಾರುಗಳಿಗಾಗಿ ನಾವು ಮನೆಯಲ್ಲಿ ಮಾಡಿದ ಗೇರು. ಆಟದ ಸಾಮಾನಿಗೆ ಇಷ್ಟು ಪೀಠಿಕೆಯೇಕೆಂದು ಕೇಳಬಹುದು. ಅದು ಆಟದ ಸಾಮಾನಾಗಿಯೇ ಉಳಿದಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ.

ನಮ್ಮ ತಂದೆಯವರು 34 ವರ್ಷ ಲಾರಿ ನಡೆಸಿದವರು. ಬೆಂಗಳೂರಿಗೂ ಮಂಗಳೂರಿಗೂ ನಡುವೆ ಅವರು ಶಿರಾಡಿ ಘಾಟಿಯನ್ನು ಹತ್ತಿ ಇಳಿದುದಕ್ಕೆ ಲೆಕ್ಕವಿಲ್ಲ. 2021ರಲ್ಲಿ ಅವರಿಗೆ ಗ್ಲಾಕೋಮಾ ಎಂಬ ಕಣ್ಣಿನ ಬೇನೆಯಿರುವುದು ತಿಳಿಯಿತು. ಇದರಲ್ಲಿ ಕಣ್ಣಿನ ನರವು ಸವೆಯುತ್ತ ಬಂದು, ಸಾಮಾನ್ಯವಾಗಿ ಪಕ್ಕದ ನೋಟವು ಮೊದಲು ಹೋಗುತ್ತದೆ. ಎದುರಿನದು ಹೆಚ್ಚು ಕಾಲ ಉಳಿಯುತ್ತದೆ. ಹೋದುದು ಮರಳಿ ಬಾರದು. ಉಳಿದುದನ್ನು ಔಷಧದಿಂದ ಕಾಪಾಡಿಕೊಳ್ಳಬೇಕು, ಅಷ್ಟೆ. ಇನ್ನು ಗಾಡಿ ನಡೆಸಕೂಡದೆಂದು ವೈದ್ಯರು ಹೇಳಿದರು. ಅಂದಿನಿಂದ ಊಟ ನಿದ್ರೆಗಳಿಗೇನೂ ಕೊರತೆಯಾಗಲಿಲ್ಲ. ಆದರೆ ಎಡಗೈ ಮಾತ್ರ ಸುಮ್ಮನಿರಲೊಲ್ಲದು. ಜಗಲಿಯ ಕುರ್ಚಿಯಲ್ಲಿ ಕುಳಿತು, ಊರುಗೋಲನ್ನು ನಿಲ್ಲಿಸಿಕೊಂಡು, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿಸುವರು. ಏನು ಮಾಡುತ್ತಿರುವರೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು, ಯಾರೂ ಕೇಳಲಿಲ್ಲ.

ನಮ್ಮ ಮಗನಲ್ಲಿ ಆಟದ ಸ್ಟೀರಿಂಗು ಒಂದಿದೆ. ಅದಕ್ಕೆ ಕ್ಲಚ್ಚು ಸೇರಿ ಮೂರು ಪೆಡಲುಗಳು. ಗೇರು ಬದಲಿಸುವುದಕ್ಕೆ ಮಾತ್ರ ಚಕ್ರದ ಹಿಂದೆ ಬೆರಳಿನಿಂದ ಎಳೆಯುವ ಎರಡು ಪಟ್ಟಿಗಳು. 2023ರ ಬೇಸಿಗೆಯ ರಜದಲ್ಲಿ ಅವನು ತಾತನನ್ನು ಅದರ ಮುಂದೆ ಕೂರಿಸಿದನು. ತಂದೆಯವರು ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, “ಇದೇನಪ್ಪ ಮರಿ, ಗೇರೋ, ಬಾಗಿಲ ಗಂಟೆಯೋ?” ಎಂದು ಎದ್ದುಬಿಟ್ಟರು. ಸಿದ್ಧವಾದ ಗೇರು ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ದೊರೆಯುತ್ತದೆ. ನೋಡಿ ಬಂದೆವು. ಹಿಡಿದರೆ ಅಗರಬತ್ತಿಯಂತೆ ಹಗುರ. ಮನೆಯಲ್ಲಿಯೇ ಮಾಡುವುದೆಂದು ತೀರ್ಮಾನವಾಯಿತು.

ಕಂಪ್ಯೂಟರಿನ ಪಾಲಿಗೆ ಗೇರೆಂದರೆ ಏಳು ಸ್ವಿಚ್ಚುಗಳು, ಅಷ್ಟೆ: ಮುನ್ನಡೆಗೆ ಆರು, ಹಿನ್ನಡೆಗೆ ಒಂದು. ಒಂದನೆಯ ಸ್ವಿಚ್ಚು ಒತ್ತಿಕೊಂಡಿರುವಷ್ಟು ಹೊತ್ತೂ ಗಾಡಿಯು ಒಂದನೆಯ ಗೇರಿನಲ್ಲಿರುತ್ತದೆ. ನ್ಯೂಟ್ರಲ್ಲಿಗೆ ಸ್ವಿಚ್ಚೇ ಇಲ್ಲ. ಏಳೂ ಸುಮ್ಮನಿದ್ದರೆ ಅದೇ ನ್ಯೂಟ್ರಲ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಏಳು ಮೈಕ್ರೋಸ್ವಿಚ್ಚುಗಳನ್ನೂ ಪ್ರೋ ಮೈಕ್ರೋ ಎಂಬ ಬೆರಳುದ್ದದ ಬೋರ್ಡನ್ನೂ ಕೊಂಡೆವು. ಈ ಬೋರ್ಡಿನ ವಿಶೇಷವೆಂದರೆ, ಯು.ಎಸ್.ಬಿ. ತಂತಿಯಿಂದ ಜೋಡಿಸಿದೊಡನೆ ಅದು ತಾನೊಂದು ಜಾಯ್‌ಸ್ಟಿಕ್ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುವಂತೆ ಮಾಡಬಹುದು. ಅದಕ್ಕೆ ಬೇಕಾದ ನಾಲ್ಕು ಸಾಲಿನ ವಿದ್ಯೆಯನ್ನು ಮಗನು ಬರೆದನು. ಸ್ವಿಚ್ಚಿನೊಳಗಿನ ಲೋಹದ ನಾಲಗೆಯು ತಗುಲಿದೊಡನೆ ಕೆಲವು ಮಿಲಿಸೆಕೆಂಡು ಅದುರುವುದರಿಂದ, ಒಂದು ಸಲ ಒತ್ತಿದುದು ನಾಲ್ಕು ಸಲ ಒತ್ತಿದಂತೆ ಕಾಣುವುದುಂಟು. ಆದುದರಿಂದ 10 ಮಿಲಿಸೆಕೆಂಡು ತಾಳಿ ಬಳಿಕ ನಂಬು ಎಂದು ಬೋರ್ಡಿಗೆ ಬುದ್ಧಿ ಹೇಳಿಯಾಯಿತು. ಇದರಲ್ಲಿ ಹರಿಯುವುದು 5 ವೋಲ್ಟಿನ ವಿದ್ಯುತ್ತು ಮಾತ್ರ; ತಾಯಂದಿರು ಹೆದರಬೇಕಾಗಿಲ್ಲ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಬೇಕು, ಆಮೇಲೆ ಕೈ ತೊಳೆಯಬೇಕು, ಅಷ್ಟೆ. ಇಷ್ಟೆಲ್ಲ ಒಂದು ಭಾನುವಾರದಲ್ಲಿ ಮುಗಿಯಿತು.

ಮುಗಿಯದೆ ಉಳಿದುದು ಕೈಯ ಕೆಲಸ. ಯಂತ್ರಕ್ಕೆ ಸ್ವಿಚ್ಚು ಸಾಕು. ಮನುಷ್ಯನ ಕೈಗೆ ಸಾಲದು. ನಿಜವಾದ ಗೇರುಪೆಟ್ಟಿಗೆಯಲ್ಲಿ, ಗೇರನ್ನು ಸರಿಸುವ ಸಲಾಕೆಗಳ ಮೇಲೆ ಚಿಕ್ಕ ಕಚ್ಚುಗಳಿರುತ್ತವೆ. ಸ್ಪ್ರಿಂಗಿನ ಒತ್ತಡದಿಂದ ಒಂದು ಉಕ್ಕಿನ ಗುಂಡು ಆ ಕಚ್ಚಿಗೆ ಬಿದ್ದಾಗ ಕೈಗೆ ‘ಟಕ್’ ಎಂದು ತಿಳಿಯುತ್ತದೆ. ಗೇರು ತಾನಾಗಿ ಜಾರದಂತೆ ಹಿಡಿದಿರುವುದೂ ಅದೇ. ನಾವು ತಂದೆಯವರನ್ನು ಕೇಳಿದೆವು: “ಅಣ್ಣಾ, ಗೇರು ಹೇಗಿರಬೇಕು?” ಅವರು ಬಹಳ ಹೊತ್ತು ಯೋಚಿಸಲಿಲ್ಲ. “ಕಣ್ಣು ಮುಚ್ಚಿ ಹಾಕಿದರೂ ಎಷ್ಟನೆಯದೆಂದು ಕೈಗೆ ಗೊತ್ತಾಗಬೇಕು. ಘಾಟಿ ಇಳಿಯುವಾಗ ಯಾರು ಕೆಳಗೆ ನೋಡುತ್ತಾರೆ?” ಎಂದರು.

ಹಾಗೆಯೇ ಮಾಡಲು ತೊಡಗಿದೆವು. ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ, ಎಲ್ಲ ಕಡೆಗೂ ಹೊರಳುವ ಕೀಲೊಂದರ ನಡುವೆ 12 ಮಿಲಿಮೀಟರಿನ ಉಕ್ಕಿನ ರಾಡನ್ನು ಬಿಗಿದೆವು. ಕೀಲಿನ ಮೇಲೆ 20 ಸೆಂಟಿಮೀಟರು, ಕೆಳಗೆ 5. ಆದುದರಿಂದ ಮೇಲೆ ಕೈ 4 ಸೆಂಟಿಮೀಟರು ಸರಿದರೆ ಕೆಳಗಿನ ಬಾಲವು ಒಂದೇ ಸೆಂಟಿಮೀಟರು ಸರಿಯುತ್ತದೆ, ಅದೂ ವಿರುದ್ಧ ದಿಕ್ಕಿಗೆ. ಒಂದನೆಯ ಗೇರಿನ ಸ್ವಿಚ್ಚು ಪೆಟ್ಟಿಗೆಯ ಹಿಂಭಾಗದಲ್ಲಿರುವುದು ಇದರಿಂದಲೇ. ಬಾಲವು ಓಡಾಡುವುದಕ್ಕೆ ಅಲ್ಯೂಮಿನಿಯಂ ತಗಡಿನಲ್ಲಿ ಉದ್ದನೆಯ ಮೂರು ಓಣಿಗಳನ್ನೂ ಹಿನ್ನಡೆಗೆ ಪಕ್ಕದಲ್ಲಿ ಅರ್ಧ ಓಣಿಯನ್ನೂ ಕೊರೆಸಿದೆವು. ಎರಡು ಸ್ಪ್ರಿಂಗುಗಳು ರಾಡನ್ನು ಯಾವಾಗಲೂ ಮೂರು ನಾಲ್ಕರ ಓಣಿಗೆ ಎಳೆದು ತರುತ್ತವೆ. ಬಾಲದ ತುದಿಯನ್ನು ಲೇತಿನಲ್ಲಿ ಟೊಳ್ಳು ಮಾಡಿಸಿ, ಒಳಗೆ ಸ್ಪ್ರಿಂಗನ್ನೂ ಅದರ ಬಾಯಿಗೆ ಹಳೆಯ ಬೇರಿಂಗಿನ ಗುಂಡೊಂದನ್ನೂ ಕೂರಿಸಿದೆವು. ಆ ಗುಂಡು ಕೆಳಗಿರುವ ನೈಲಾನ್ ಗಟ್ಟಿಯ ಮೇಲೆ ಉರುಳಿ, ಗೇರಿಗೊಂದರಂತೆ ತೋಡಿದ ಕುಳಿಗೆ ಬೀಳಬೇಕು.

ಈ ಕುಳಿಗಳನ್ನು ತೋಡಿದವರು ತಂದೆಯವರೇ. ಕಣ್ಣಿಗಿಂತ ಹೆಬ್ಬೆರಳನ್ನು ಹೆಚ್ಚಾಗಿ ನಂಬಿ, ಅರದಿಂದ ಉಜ್ಜುವುದು, ಸವರಿ ನೋಡುವುದು, ಗುಂಡನ್ನು ಉರುಳಿಸಿ ನೋಡುವುದು. ಹೀಗೆ ಒಂಬತ್ತು ದಿನ. ನಾವು ತಂದ ಸ್ಪ್ರಿಂಗುಗಳೊಂದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ, ಅಟ್ಟದಿಂದ ತಮ್ಮ ಲಾರಿಯ ಸಾಮಾನಿನ ಡಬ್ಬಿಯನ್ನು ಇಳಿಸಿರೆಂದರು. ಎರಡು ವರ್ಷದಿಂದ ಅದನ್ನು ಅವರು ಮುಟ್ಟಿರಲಿಲ್ಲ. ಅದರಿಂದ ತೆಗೆದ ಸ್ಪ್ರಿಂಗನ್ನು ಹಾಕಿದ ಮೇಲೆ, ಗೇರು ಬೀಳುವ ಸದ್ದು ಅಡಿಗೆಮನೆಗೆ ಕೇಳಿಸಿತು.

ಮೊದಲ ದಿನ ಮೊಮ್ಮಗನು ಅವರನ್ನು ಇಟಲಿಯ ಮೋನ್ಜಾ ಪಂದ್ಯದ ಹಾದಿಗೆ ಕರೆದೊಯ್ದನು. ಆ ಹಾದಿಯ ಒಂದು ಸುತ್ತು 5.793 ಕಿಲೋಮೀಟರು. ತಂದೆಯವರು ಎರಡು ಸುತ್ತು ಬಂದು, “ಹೊರಟ ಕಡೆಗೇ ಬರುವುದಕ್ಕೆ ಇಷ್ಟು ಅವಸರವೇಕೋ?” ಎಂದರು. ಪರದೆಯಲ್ಲಿ ಕಾಣುವ ಚಾಲಕನು ಬಲಗೈಯಿಂದ ಗೇರು ಹಾಕುತ್ತಿದ್ದುದೂ ಅವರಿಗೆ ಸರಿಬೀಳಲಿಲ್ಲ. ಆಗ ಮಗನು ಬೇರೊಂದು ಆಟವನ್ನು ತೆರೆದನು: ಚೆಕ್ ದೇಶದ ಕಂಪನಿಯೊಂದು 2012ರಲ್ಲಿ ಹೊರತಂದ ಲಾರಿಯ ಆಟ. ಅದರಲ್ಲಿ ಇಂಗ್ಲೆಂಡಿನ ರಸ್ತೆಗಳಿವೆ; ಅಲ್ಲಿ ನಮ್ಮಲ್ಲಿಯಂತೆಯೇ ಎಡಗಡೆ ನಡೆಯಬೇಕು. ಡೋವರ್ ಊರಿನಿಂದ ಸರಕು ಹೇರಿಕೊಂಡು ಹೊರಟಾಗ ತಂದೆಯವರ ಬೆನ್ನು ನೆಟ್ಟಗಾಯಿತು. ಇಳಿಜಾರು ಬಂದೊಡನೆ, ಬ್ರೇಕಿಗೆ ಕಾಲಿಡದೆ, ಒಂದು ಗೇರು ಕೆಳಕ್ಕೆ ಹಾಕಿದರು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಮೊಮ್ಮಗನಿಗೆ ವಿವರಿಸಿದರು. ಕ್ಲಚ್ಚನ್ನು ಎರಡು ಸಲ ಒತ್ತಿ ಗೇರು ಹಾಕುವ ಹಳೆಯ ಲಾರಿಗಳ ಪದ್ಧತಿಯನ್ನೂ ತೋರಿಸಿದರು. ಆಟಕ್ಕೆ ಅದರ ಅಗತ್ಯವೇನೂ ಇರಲಿಲ್ಲ. ಹುಡುಗನು ಮಾತ್ರ ಕಲಿತುಕೊಂಡನು.

ಖರ್ಚು ಒಟ್ಟಿನಲ್ಲಿ 1,850 ರೂಪಾಯಿ ಆಯಿತು. ರಾಡಿನ ತಲೆಗೆ ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ಮರದ ಗುಂಡೂ ಇದರಲ್ಲಿ ಸೇರಿದೆ. ಈಗ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಸ್ಟೀರಿಂಗು ತಾತನದು. ಅದಕ್ಕೆ ಮುಂಚೆ ಕಣ್ಣಿಗೆ ಔಷಧ ಹಾಕಿಸಿಕೊಳ್ಳಲೇಬೇಕೆಂಬುದು ಮೊಮ್ಮಗನ ಷರತ್ತು. ಊರುಗೋಲು ಬಾಗಿಲ ಮೂಲೆಯಲ್ಲಿ ನಿಂತಿರುತ್ತದೆ. ಮೊನ್ನೆ ತಂದೆಯವರು, ಭಾರದ ಲಾರಿಗೆ ಆರು ಗೇರು ಸಾಲದೆಂದೂ, ಮರದ ಗುಂಡಿನ ಮೇಲೆಯೇ ಹೈ–ಲೋ ಬದಲಿಸುವ ಸ್ವಿಚ್ಚೊಂದು ಬೇಕೆಂದೂ ಹೇಳಿದರು. ಬೋರ್ಡಿನಲ್ಲಿ ಇನ್ನೂ ಕೆಲವು ಪಿನ್ನುಗಳು ಖಾಲಿಯಿವೆ. ತಂತಿಯನ್ನು ರಾಡಿನೊಳಗಿಂದ ಹಾಯಿಸುವುದು ಹೇಗೆಂದು ತಾತ ಮೊಮ್ಮಕ್ಕಳಿಬ್ಬರೂ ಜಗಲಿಯಲ್ಲಿ ಚರ್ಚಿಸುತ್ತಿದ್ದಾರೆ.